ಅರಿವಳಿಕೆಯ ಹಾದಿಯಲ್ಲಿ ಹೊಗೆ



ಬೆಳಗಿನ ಎಂಟು ಗಂಟೆಗೆ ಶಿವಾಜಿನಗರದ ಬಸ್ ನಿಲ್ದಾಣದ ಬಳಿ ನಿಂತು ನೋಡಿ. ಒಂದು ಕಡೆ ಟೀ ಅಂಗಡಿಯ ಮುಂದೆ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಸಿಗರೇಟು ಹಿಡಿದ ಜನ ಕಾಣುತ್ತಾರೆ. ಅವರಲ್ಲಿ ಹೆಗಲಿಗೆ ಕಾಲೇಜಿನ ಚೀಲ ಹಾಕಿಕೊಂಡ ಹುಡುಗರೂ ಇರುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಎಕ್ಸ್‌ರೇ ಕವರು ಹಿಡಿದುಕೊಂಡು ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಗೇಟಿನತ್ತ ನಡೆಯುವ ಜನ ಕಾಣುತ್ತಾರೆ. 1862ರಿಂದ 1870ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರು ಹೊತ್ತ ಆಸ್ಪತ್ರೆ ಅದು. ದಂಡಿನ ಕಾಲದಿಂದ ಇವತ್ತಿನವರೆಗೂ ಈ ಭಾಗದ ಜನಕ್ಕೆ ದೊಡ್ಡಾಸ್ಪತ್ರೆ ಎಂದರೆ ಅದೇ.

ಈ ಎರಡು ಗುಂಪಿನ ಜನ ಬೇರೆ ಬೇರೆಯವರೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಇವತ್ತು ಟೀ ಅಂಗಡಿಯ ಮುಂದೆ ನಿಂತವನು ನಾಳೆ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಳ್ಳಬಹುದು. ಅಪೆಂಡಿಕ್ಸ್ ಊದಿಕೊಂಡು ಹೊಟ್ಟೆ ಹಿಡಿದುಕೊಂಡು ಬರಬಹುದು. ಆಪರೇಷನ್ ಆಗಬೇಕು ಎನ್ನುತ್ತಾರೆ. ಆಪರೇಷನ್ ಎಂದರೆ ಅರಿವಳಿಕೆ ಬೇಕು. ಆಗ, ಸೇದಿದ ಸಿಗರೇಟಿನ ಲೆಕ್ಕ ಕೇಳುವ ಮೊದಲನೆಯ ವ್ಯಕ್ತಿ ಅರಿವಳಿಕೆ ವೈದ್ಯ. ನಾನು ಆ ಕೆಲಸ ಮಾಡುವವನು.

ಧೂಮಪಾನದಿಂದ ಕ್ಯಾನ್ಸರ್ ಬರುತ್ತದೆ, ಹೃದ್ರೋಗ ಬರುತ್ತದೆ ಎಂದು ನೀವು ಪ್ರಾಥಮಿಕ ಶಾಲೆಯಿಂದ ಕೇಳಿದ್ದೀರಿ. ಅದೆಲ್ಲ ಐವತ್ತು ವರ್ಷದ ಮೇಲಿನ ಮಾತು, ನಮಗೇಕೆ ಎಂದು ಮನಸ್ಸಿನಲ್ಲಿ ಅಂದುಕೊಂಡಿರಲೂಬಹುದು. ಇವತ್ತು ನಾನು ಹೇಳಹೊರಟಿರುವುದು ಹತ್ತೊಂಬತ್ತನೆಯ ವಯಸ್ಸಿನಲ್ಲೂ ತಟ್ಟುವ ವಿಷಯ: ಉಸಿರಿನ ಮೂಲಕ ಅರಿವಳಿಕೆ ಕೊಡುವಾಗ ಧೂಮಪಾನದಿಂದ ಏನಾಗುತ್ತದೆ ಎಂಬುದು.

ಉಸಿರಿನಿಂದ ಬರುವ ನಿದ್ದೆ

ನಮ್ಮ ಜನ ಇದನ್ನು ‘ಮತ್ತು ಕೊಡುವುದು’ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಸೊಂಟಕ್ಕೋ ತೋಳಿಗೋ ಇಂಜೆಕ್ಷನ್ ಕೊಟ್ಟು ಆ ಭಾಗವನ್ನು ಮಾತ್ರ ಮರಗಟ್ಟಿಸುವುದು ಒಂದು. ರೋಗಿಗೆ ಪೂರ್ತಿ ಎಚ್ಚರ ತಪ್ಪಿಸುವುದು ಇನ್ನೊಂದು. ಇದನ್ನು ಸಾರ್ವದೈಹಿಕ ಅರಿವಳಿಕೆ ಎನ್ನುತ್ತೇವೆ.

ಇದರ ಚರಿತ್ರೆ ಸ್ವಾರಸ್ಯವಾದದ್ದು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಆವಿಯನ್ನು ಉಸಿರಾಡಿಸಿದ. ಶಸ್ತ್ರವೈದ್ಯರು ಆ ರೋಗಿಯ ಕುತ್ತಿಗೆಯ ಗಡ್ಡೆಗೆ ಶಸ್ತ್ರಕ್ರಿಯೆ ಮಾಡಿದರು. ಅದರ ನೆನಪಿಗೆ ಅಕ್ಟೋಬರ್ 16ನ್ನು ವಿಶ್ವ ಅರಿವಳಿಕೆ ದಿನವೆಂದು ಆಚರಿಸುತ್ತೇವೆ. ಮರುವರ್ಷವೇ, 1847ರಲ್ಲಿ, ಈಥರ್ ಕಲ್ಕತ್ತಕ್ಕೆ ಬಂತು. ಅದೇ ವರ್ಷ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಸಿದರು. 1956ರಲ್ಲಿ ಹ್ಯಾಲೋಥೇನ್ ಬಳಕೆಗೆ ಬಂತು. ಈಗ ಐಸೋಫ್ಲೂರೇನ್, ಸೆವೋಫ್ಲೂರೇನ್, ಡೆಸ್‌ಫ್ಲೂರೇನ್ ಎಂಬ ಔಷಧಿಗಳಿವೆ. ಇವು ಸೀಸೆಯಲ್ಲಿ ದ್ರವವಾಗಿರುತ್ತವೆ. ಯಂತ್ರದ ಮೇಲಿರುವ ಒಂದು ಸಾಧನ ಅವನ್ನು ಆವಿ ಮಾಡಿ, ಆಮ್ಲಜನಕದ ಜೊತೆ ಅಳತೆಯಂತೆ ಬೆರೆಸುತ್ತದೆ.

ಸಣ್ಣ ಮಕ್ಕಳಿಗೆ ಸೂಜಿಯ ಭಯ ಇರುವುದರಿಂದ ಮುಖಕ್ಕೆ ಮಾಸ್ಕ್ ಇಟ್ಟು ಈ ಆವಿಯಿಂದಲೇ ನಿದ್ದೆ ಬರಿಸುತ್ತೇವೆ. ದೊಡ್ಡವರಿಗೆ ಸಾಮಾನ್ಯವಾಗಿ ಮೊದಲು ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು, ಆಪರೇಷನ್ ಮುಗಿಯುವವರೆಗೂ ನಿದ್ದೆ ಮುಂದುವರಿಸಲು ಆವಿಯನ್ನು ಕೊಡುತ್ತೇವೆ.

ಈಗ ನಿಮಗೊಂದು ಪ್ರಶ್ನೆ. ಮಾತ್ರೆಯನ್ನು ನುಂಗಿದರೆ ಅದು ಹೊಟ್ಟೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಈ ಆವಿ ಮೆದುಳನ್ನು ಹೇಗೆ ಸೇರುತ್ತದೆ? ಶ್ವಾಸಕೋಶದ ಮೂಲಕ. ಮೂಗು, ಗಂಟಲು, ಶ್ವಾಸನಾಳ, ಅದರ ಸಣ್ಣ ಸಣ್ಣ ಕವಲುಗಳು, ಕೊನೆಗೆ ಗಾಳಿಗೂಡುಗಳು. ಇಂಥ ಕೋಟ್ಯಂತರ ಗಾಳಿಗೂಡುಗಳು ನಮ್ಮ ಎದೆಯಲ್ಲಿವೆ. ಅವುಗಳ ತೆಳು ಗೋಡೆಯನ್ನು ದಾಟಿ ಆವಿ ರಕ್ತಕ್ಕೆ ಬರುತ್ತದೆ, ರಕ್ತದಿಂದ ಮೆದುಳಿಗೆ ಹೋಗುತ್ತದೆ. ಅನಿಲವು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ ಎಂದು ನೀವು ಭೌತವಿಜ್ಞಾನದಲ್ಲಿ ಓದಿದ್ದೀರಲ್ಲ, ಇಲ್ಲಿಯೂ ಅದೇ ನಿಯಮ. ಆಪರೇಷನ್ ಮುಗಿದು ಆವಿಯನ್ನು ನಿಲ್ಲಿಸಿದಾಗ ಅದು ಬಹುಮಟ್ಟಿಗೆ ಬಂದ ದಾರಿಯಲ್ಲೇ, ಉಸಿರಿನ ಮೂಲಕವೇ, ಹೊರಟುಹೋಗುತ್ತದೆ. ರೋಗಿ ಕಣ್ಣು ಬಿಡುತ್ತಾನೆ.

ಅಂದರೆ ಈ ಔಷಧಿಗೆ ಒಳಗೆ ಬರಲು ಇರುವ ದಾರಿಯೂ, ಹೊರಗೆ ಹೋಗಲು ಇರುವ ದಾರಿಯೂ ಒಂದೇ. ಸಿಗರೇಟಿನ ಹೊಗೆ ದಿನವೂ ಓಡಾಡುವುದೂ ಅದೇ ದಾರಿಯಲ್ಲಿ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಸೀಟು ಹಿಡಿದು ಕೂತವರು

ಹೊಗೆಯಲ್ಲಿರುವ ಸಾವಿರಾರು ರಾಸಾಯನಿಕಗಳಲ್ಲಿ ಎರಡನ್ನು ಮಾತ್ರ ಮೊದಲು ನೋಡೋಣ. ಒಂದು ಕಾರ್ಬನ್ ಮೊನಾಕ್ಸೈಡ್, ಇನ್ನೊಂದು ನಿಕೋಟಿನ್.

ರಕ್ತದ ಕೆಂಪುಕಣಗಳಲ್ಲಿ ಹಿಮೋಗ್ಲೋಬಿನ್ ಇದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು ದೇಹದ ಮೂಲೆಮೂಲೆಗೆ ಇಳಿಸಿ ಬರುವುದು ಅದರ ಕೆಲಸ. ಅದನ್ನು ಶಿವಾಜಿನಗರದಿಂದ ಹಲಸೂರು, ಇಂದಿರಾನಗರ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್.ಪುರಕ್ಕೆ ಹೋಗುವ ಬಸ್ಸು ಎಂದುಕೊಳ್ಳಿ. ಇದು ಪುಟ್ಟ ಬಸ್ಸು. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕೇ ಸೀಟು. ಕಾರ್ಬನ್ ಮೊನಾಕ್ಸೈಡ್ ಈ ಸೀಟನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹತ್ತಿ ಕೂತರೆ ಕೆ.ಆರ್.ಪುರ ಬಂದರೂ ಏಳುವುದಿಲ್ಲ, ಬಸ್ಸು ತಿರುಗಿ ಶಿವಾಜಿನಗರಕ್ಕೆ ಬಂದರೂ ಏಳುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಪಕ್ಕದ ಸೀಟಿನಲ್ಲಿರುವ ಆಮ್ಲಜನಕವನ್ನೂ ಅದು ಸುಲಭವಾಗಿ ಇಳಿಯಗೊಡುವುದಿಲ್ಲ.

ಸೇದದವರ ರಕ್ತದಲ್ಲಿ ಹೀಗೆ ಆಕ್ರಮಣವಾದ ಹಿಮೋಗ್ಲೋಬಿನ್ ನೂರಕ್ಕೆ ಒಂದೆರಡು ಭಾಗ ಮಾತ್ರ. ಚೆನ್ನಾಗಿ ಸೇದುವವರಲ್ಲಿ ನೂರಕ್ಕೆ ಹತ್ತರವರೆಗೂ, ಕೆಲವರಲ್ಲಿ ಅದಕ್ಕೂ ಹೆಚ್ಚು ಇರಬಹುದು.

ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ನಿಮಗೆ ನೆನಪಿರಬೇಕು. ಬೆರಳಿಗೆ ಸಿಕ್ಕಿಸಿದರೆ ತೊಂಬತ್ತೆಂಟು, ತೊಂಬತ್ತೊಂಬತ್ತು ಎಂದು ಸಂಖ್ಯೆ ತೋರಿಸುತ್ತದೆ. ಆಪರೇಷನ್ ಕೊಠಡಿಯಲ್ಲಿ ನಮ್ಮ ಕಣ್ಣು ಸದಾ ಆ ಸಂಖ್ಯೆಯ ಮೇಲೆ. ಆದರೆ ಸಾಮಾನ್ಯ ಆಕ್ಸಿಮೀಟರು ಎರಡು ಬಗೆಯ ಬೆಳಕನ್ನು ಹಾಯಿಸಿ ರಕ್ತದ ಬಣ್ಣವನ್ನು ಅಳೆಯುವ ಸಾಧನ. ಕಾರ್ಬನ್ ಮೊನಾಕ್ಸೈಡ್ ಕೂತ ಹಿಮೋಗ್ಲೋಬಿನ್ ಕೂಡ ಅದಕ್ಕೆ ಆಮ್ಲಜನಕ ಕೂತ ಹಿಮೋಗ್ಲೋಬಿನ್ನಿನಂತೆಯೇ ಕಾಣುತ್ತದೆ. ರಸ್ತೆಯ ಬದಿಯಲ್ಲಿ ನಿಂತು ಬಸ್ಸಿನ ಸೀಟೆಲ್ಲ ಭರ್ತಿಯಾಗಿದೆ ಎಂದು ಬರೆದುಕೊಳ್ಳುವವನ ಹಾಗೆ. ಕೂತವರು ಯಾರು ಎಂಬುದು ಅವನಿಗೆ ಗೊತ್ತಿಲ್ಲ. ಹೀಗಾಗಿ ಸೇದಿ ಬಂದ ರೋಗಿಯಲ್ಲಿ ಯಂತ್ರ ತೊಂಬತ್ತೆಂಟು ಎನ್ನುತ್ತಿದ್ದರೂ ನಿಜವಾದ ಆಮ್ಲಜನಕ ಅದಕ್ಕಿಂತ ಕಡಿಮೆ ಇರಬಹುದು. ಯಂತ್ರ ಹೇಳದ್ದನ್ನು ನಮಗೆ ಹೇಳಬೇಕಾದವನು ರೋಗಿ.

ಇನ್ನು ನಿಕೋಟಿನ್. ಇದು ಹೃದಯದ ಬಡಿತವನ್ನು ಹೆಚ್ಚಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ. ಹೃದಯ ಹೆಚ್ಚು ದುಡಿದರೆ ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಅತ್ತ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಸರಬರಾಜನ್ನು ಕಡಿಮೆ ಮಾಡಿದೆ. ಮನೆಗೆ ನೆಂಟರು ಬಂದ ದಿನವೇ ನಲ್ಲಿಯಲ್ಲಿ ನೀರು ಸಣ್ಣಗೆ ಬಂದ ಹಾಗಾಯಿತು.

ಪೊರಕೆ ಕೆಟ್ಟ ಮನೆ, ಮುಚ್ಚುವ ಬಾಗಿಲು

ಶ್ವಾಸನಾಳದ ಒಳಗೋಡೆಯ ಮೇಲೆ ಬಹಳ ಸೂಕ್ಷ್ಮವಾದ ಕೂದಲಿನಂಥ ಎಳೆಗಳಿವೆ. ಜೀವವಿಜ್ಞಾನದ ಪುಸ್ತಕದಲ್ಲಿ ಇವನ್ನು ಸಿಲಿಯಾ ಎಂದು ಓದಿದ್ದೀರಿ. ಇವು ಹಗಲಿರುಳು ಪೊರಕೆಯ ಹಾಗೆ ಆಡುತ್ತ, ಧೂಳು ಅಂಟಿದ ಕಫವನ್ನು ಮೇಲಕ್ಕೆ ಗುಡಿಸುತ್ತಿರುತ್ತವೆ. ಹೊಗೆ ಈ ಪೊರಕೆಯನ್ನು ನಿಧಾನಗೊಳಿಸುತ್ತದೆ, ಹಾಳು ಮಾಡುತ್ತದೆ. ಅದೇ ಹೊತ್ತಿಗೆ ಕಫವನ್ನು ಹೆಚ್ಚಿಸುತ್ತದೆ. ಕಸ ಹೆಚ್ಚು, ಗುಡಿಸುವವರು ಕಡಿಮೆ. ಸಣ್ಣ ಕವಲುಗಳಲ್ಲಿ ಕಫ ಕಟ್ಟಿಕೊಂಡರೆ ಅದರ ಆಚೆಯ ಗಾಳಿಗೂಡುಗಳಿಗೆ ಆವಿಯೂ ಹೋಗುವುದಿಲ್ಲ, ಆಮ್ಲಜನಕವೂ ಹೋಗುವುದಿಲ್ಲ. ಅಲ್ಲಿಗೆ ಬಂದ ರಕ್ತ ಬರಿಗೈಯಲ್ಲಿ ವಾಪಸು ಹೋಗುತ್ತದೆ. ಬಹಳ ವರ್ಷ ಸೇದಿದವರಲ್ಲಿ ಅರಿವಳಿಕೆ ಏರುವುದೂ ಇಳಿಯುವುದೂ ಲೆಕ್ಕದ ಪ್ರಕಾರ ಆಗದಿರಲು ಇದೊಂದು ಕಾರಣ.

ಅರಿವಳಿಕೆ ವೈದ್ಯರಿಗೆ ಇದಕ್ಕಿಂತ ಹೆಚ್ಚಿನ ಆತಂಕ ಇನ್ನೊಂದಿದೆ. ದಿನವೂ ಹೊಗೆ ತಾಗಿದ ಗಂಟಲು ಮತ್ತು ಶ್ವಾಸನಾಳ ಕೆರಳಿಕೊಂಡೇ ಇರುತ್ತವೆ. ಅರಿವಳಿಕೆಯ ಆವಿಗಳಲ್ಲಿ ಕೆಲವಕ್ಕೆ ಘಾಟು ಹೆಚ್ಚು. ಡೆಸ್‌ಫ್ಲೂರೇನ್, ಐಸೋಫ್ಲೂರೇನ್ ಘಾಟಿನವು; ಸೆವೋಫ್ಲೂರೇನ್ ಸೌಮ್ಯ. ಅಡಿಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದಾಗ ಎಲ್ಲರೂ ಕೆಮ್ಮುತ್ತಾರೆ, ಆದರೆ ನೆಗಡಿಯಾದವರು ಹೆಚ್ಚು ಕೆಮ್ಮುತ್ತಾರೆ, ಅಲ್ಲವೇ? ಹಾಗೆಯೇ ಸೇದುವವರು ಈ ಹೊತ್ತಿನಲ್ಲಿ ಕೆಮ್ಮುತ್ತಾರೆ, ಉಸಿರು ಕಟ್ಟುತ್ತಾರೆ. ಕೆಲವೊಮ್ಮೆ ಶ್ವಾಸನಾಳದ ಕವಲುಗಳು ಅಸ್ತಮಾ ಬಂದಂತೆ ಬಿಗಿದುಕೊಳ್ಳುತ್ತವೆ. ಕೆಲವೊಮ್ಮೆ ಧ್ವನಿಪೆಟ್ಟಿಗೆಯ ಎರಡು ತಂತುಗಳು ಬಾಗಿಲಿನ ಎರಡು ರೆಕ್ಕೆಗಳಂತೆ ಪಟ್ಟನೆ ಮುಚ್ಚಿಕೊಂಡುಬಿಡುತ್ತವೆ. ಆಗ ಎದೆ ಎಷ್ಟು ಎಳೆದರೂ ಗಾಳಿ ಒಳಗೆ ಹೋಗುವುದಿಲ್ಲ. ಎಚ್ಚರ ತಪ್ಪಿದ ಮನುಷ್ಯನಿಗೆ ಇದು ಪ್ರಾಣಕ್ಕೆ ಕುತ್ತು ತರುವ ಸ್ಥಿತಿ.

ಒಂದು ಬೆಳಗಿನ ಘಟನೆ

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಕೆ.ಆರ್.ಪುರದ ಕಡೆಯ ಒಬ್ಬ ಹುಡುಗ ಬಂದಿದ್ದ. ವಯಸ್ಸು ಹತ್ತೊಂಬತ್ತು, ಡಿಗ್ರಿ ಎರಡನೆಯ ವರ್ಷ. ಬೈಕಿನಿಂದ ಬಿದ್ದು ಮುಂಗೈ ಮೂಳೆ ಮುರಿದಿತ್ತು. ಪ್ಲೇಟು ಹಾಕಬೇಕಾಗಿತ್ತು. ಹಿಂದಿನ ದಿನ ನಾನು ವಾರ್ಡಿಗೆ ಹೋಗಿ ಅವನನ್ನು ಪರೀಕ್ಷಿಸಿದೆ. ಪಕ್ಕದಲ್ಲಿ ಅವನ ತಂದೆ ನಿಂತಿದ್ದರು. ಸಂತೆಯಲ್ಲಿ ತರಕಾರಿ ವ್ಯಾಪಾರ ಮಾಡುವವರು.

“ಬೀಡಿ, ಸಿಗರೇಟು ಅಭ್ಯಾಸ ಇದೆಯೇನಪ್ಪಾ?” ಎಂದು ಕೇಳಿದೆ.

“ಇಲ್ಲ ಸಾರ್” ಎಂದ ಹುಡುಗ.

ತಂದೆ ಸ್ವಲ್ಪ ನೊಂದುಕೊಂಡವರಂತೆ, “ನಮ್ಮ ಹುಡುಗ ಆ ತರ ಅಲ್ಲ ಸಾರ್. ಹೊರಗಡೆ ಒಂದು ಟೀ ಕೂಡ ಕುಡಿಯಲ್ಲ” ಎಂದರು. ನಾನು ಕಾಗದದಲ್ಲಿ ‘ಧೂಮಪಾನ ಇಲ್ಲ’ ಎಂದು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸಿ, ಗಂಟಲಿನಲ್ಲಿ ಉಸಿರಾಟದ ಸಾಧನ ಇಟ್ಟು ಆವಿಯನ್ನು ಆರಂಭಿಸಿದೆವು. ಎರಡೇ ನಿಮಿಷ. ಹುಡುಗ ಕೆಮ್ಮಿದ, ಮತ್ತೆ ಕೆಮ್ಮಿದ, ಆಮೇಲೆ ಉಸಿರೇ ನಿಂತಿತು. ಧ್ವನಿಪೆಟ್ಟಿಗೆ ಮುಚ್ಚಿಕೊಂಡಿತ್ತು. ಆಕ್ಸಿಮೀಟರಿನ ಸದ್ದು ಒಂದೊಂದು ಮೆಟ್ಟಿಲು ಕೆಳಗೆ ಇಳಿಯತೊಡಗಿತು. ತೊಂಬತ್ತು, ಎಂಬತ್ತೈದು, ಎಂಬತ್ತು. ಒತ್ತಡದಲ್ಲಿ ಆಮ್ಲಜನಕ ಕೊಟ್ಟೆವು, ಅರಿವಳಿಕೆಯನ್ನು ಇನ್ನಷ್ಟು ಗಾಢ ಮಾಡಿದೆವು, ಕೊನೆಗೆ ಸ್ನಾಯುಗಳನ್ನು ಸಡಿಲಿಸುವ ಔಷಧಿ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಎಲ್ಲ ಸೇರಿ ಎರಡು ಮೂರು ನಿಮಿಷ ಆಗಿರಬೇಕು. ಆ ಕೊಠಡಿಯಲ್ಲಿದ್ದ ನಮಗೆ ಅದು ಬಹಳ ಹೊತ್ತಾಗಿತ್ತು. ಆಮೇಲೆ ಆಪರೇಷನ್ ಸುಸೂತ್ರವಾಗಿ ನಡೆಯಿತು.

ಸಂಜೆ ವಾರ್ಡಿಗೆ ಹೋದಾಗ ತಂದೆ ಕಾಫಿ ತರಲು ಹೊರಗೆ ಹೋಗಿದ್ದರು. ಹುಡುಗ ನನ್ನ ಮುಖ ನೋಡದೆ ಹೇಳಿದ: “ಸಾರ್, ದಿನಕ್ಕೆ ಎಂಟು ಹತ್ತು ಸೇದ್ತೀನಿ. ಇವತ್ತು ಬೆಳಿಗ್ಗೆ ಭಯ ಆಗಿ ಕಾಂಪೌಂಡ್ ಹಿಂದೆ ಹೋಗಿ ಎರಡು ಸೇದಿ ಬಂದೆ. ನಿನ್ನೆ ಅಪ್ಪ ಪಕ್ಕದಲ್ಲೇ ಇದ್ರು. ಹೇಗೆ ಹೇಳ್ಲಿ?”

ಮಿತ್ರರೇ, ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಸುಳ್ಳು ಹೇಳಿದ್ದು ಅವನ ತಪ್ಪು, ನಿಜ. ಆದರೆ ತಂದೆಯ ಎದುರಿಗೆ ಆ ಪ್ರಶ್ನೆ ಕೇಳಿದ್ದು ನನ್ನ ತಪ್ಪು. ಅವನು ಸೇದುತ್ತಾನೆಂದು ನನಗೆ ಗೊತ್ತಿದ್ದರೆ ಮಾಡಲು ಎಷ್ಟೋ ದಾರಿಗಳಿದ್ದವು. ತೋಳನ್ನು ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡಿಸಬಹುದಿತ್ತು. ಮೊದಲೇ ಶ್ವಾಸನಾಳವನ್ನು ಸಡಿಲಿಸುವ ಔಷಧಿಯನ್ನು ಉಸಿರಾಡಿಸಬಹುದಿತ್ತು. ಘಾಟಿಲ್ಲದ ಆವಿಯನ್ನು ಆರಿಸಿ, ಅರಿವಳಿಕೆ ಸಾಕಷ್ಟು ಗಾಢವಾಗುವವರೆಗೆ ಕಾಯಬಹುದಿತ್ತು. ಕನಿಷ್ಠ ಪಕ್ಷ, ಆ ಬೆಳಗಿನ ಎರಡು ಸಿಗರೇಟನ್ನು ತಪ್ಪಿಸಬಹುದಿತ್ತು. ಅಂದಿನಿಂದ ನಾನು ಯಾವುದಾದರೂ ನೆಪ ಹೇಳಿ ಮನೆಯವರನ್ನು ಹೊರಗೆ ಕಳುಹಿಸಿ, ಒಬ್ಬರೇ ಇದ್ದಾಗ ಈ ಪ್ರಶ್ನೆ ಕೇಳುತ್ತೇನೆ.

ಆಪರೇಷನ್ ಮುಗಿದ ಮೇಲೆ

ತೊಂದರೆ ಕಣ್ಣು ಬಿಟ್ಟ ಕೂಡಲೇ ಮುಗಿಯುವುದಿಲ್ಲ. ಹೊಟ್ಟೆಯ ಆಪರೇಷನ್ ಆದವರು ನೋವಿನಿಂದ ಚೆನ್ನಾಗಿ ಕೆಮ್ಮಲಾರರು. ಪೊರಕೆ ಕೆಟ್ಟ ಶ್ವಾಸಕೋಶದಲ್ಲಿ ಕಫ ನಿಂತುಬಿಡುತ್ತದೆ. ಶ್ವಾಸಕೋಶದ ಭಾಗಗಳು ಕುಸಿಯುತ್ತವೆ, ನ್ಯುಮೋನಿಯಾ ಆಗಬಹುದು. 1944ರಲ್ಲಿಯೇ ಬ್ರಿಟನ್ನಿನ ಅರಿವಳಿಕೆ ವೈದ್ಯ ಎಚ್.ಜೆ.ವಿ. ಮಾರ್ಟನ್ ಅವರು ಸೇದುವವರಲ್ಲಿ ಆಪರೇಷನ್ ನಂತರದ ಶ್ವಾಸಕೋಶದ ತೊಂದರೆಗಳು ಸುಮಾರು ಆರು ಪಟ್ಟು ಹೆಚ್ಚು ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಈಥರ್ ತೋರಿಸಿದವನ ಹೆಸರೂ ಮಾರ್ಟನ್, ಹೊಗೆಯ ಬಗ್ಗೆ ಎಚ್ಚರಿಸಿದವರ ಹೆಸರೂ ಮಾರ್ಟನ್. ನಡುವೆ ಸುಮಾರು ನೂರು ವರ್ಷ.

ಗಾಯ ಮಾಯುವುದೂ ನಿಧಾನ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಹೊಲಿಗೆ ಹಾಕಿದ ಜಾಗಕ್ಕೆ ರಕ್ತ, ಆಮ್ಲಜನಕ ಎರಡೂ ಕಡಿಮೆಯಾಗಿ ಕೀವು ಆಗುವ ಸಂಭವ ಹೆಚ್ಚುತ್ತದೆ. ಮುರಿದ ಮೂಳೆ ಕೂಡುವುದಕ್ಕೂ ಹೆಚ್ಚು ದಿನ ಹಿಡಿಯುತ್ತದೆ.

ನಿಮ್ಮಲ್ಲಿ ಕೆಲವರು ಮೆಡಿಕಲ್ ಓದುವವರಿದ್ದರೆ ಒಂದು ಪ್ರಶ್ನೆ ಎತ್ತಬಹುದು: “ಅರಿವಳಿಕೆಯ ನಂತರ ಬರುವ ವಾಂತಿ, ವಾಕರಿಕೆ ಸೇದುವವರಲ್ಲಿ ಕಡಿಮೆಯಂತಲ್ಲ?” ಹೌದು, ಅದು ನಿಜ. ಇದ್ದುದನ್ನು ಇದ್ದಂತೆ ಹೇಳಬೇಕು. ಆದರೆ ವಾಂತಿಯನ್ನು ತಡೆಯಲು ನಮ್ಮಲ್ಲಿ ಒಳ್ಳೆಯ ಔಷಧಿಗಳಿವೆ. ಅದಕ್ಕಾಗಿ ಸಿಗರೇಟು ಸೇದುವುದು, ಸೊಳ್ಳೆ ಓಡಿಸಲು ಮನೆಗೇ ಬೆಂಕಿ ಹಚ್ಚಿದಂತೆ.

ಯಾವಾಗ ಬಿಡಬೇಕು?

ಈಗ ಸಮಾಧಾನದ ಮಾತು. ದೇಹ ಬೇಗ ಚೇತರಿಸಿಕೊಳ್ಳುತ್ತದೆ.

ಒಂದು ಲೆಕ್ಕ ಮಾಡೋಣ. ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿದ್ದರೆ ರಕ್ತದಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿಯಲು ಸುಮಾರು 4ರಿಂದ 6 ಗಂಟೆ ಬೇಕು. ಲೆಕ್ಕಕ್ಕೆ 4 ಗಂಟೆ ಎಂದು ಹಿಡಿಯಿರಿ. ರಾತ್ರಿ 8 ಗಂಟೆಗೆ ಕೊನೆಯ ಸಿಗರೇಟು ಸೇದಿದವನ ರಕ್ತದಲ್ಲಿ ನೂರಕ್ಕೆ 8 ಭಾಗ ಇದ್ದರೆ, ಮಧ್ಯರಾತ್ರಿ 12ಕ್ಕೆ 4, ಬೆಳಗಿನ ಜಾವ 4ಕ್ಕೆ 2, ಬೆಳಿಗ್ಗೆ 8ಕ್ಕೆ 1. ವಿಕಿರಣಶೀಲ ವಸ್ತುಗಳ ಅರ್ಧಾಯುಷ್ಯದ ಲೆಕ್ಕವನ್ನು ನೀವು ಮಾಡುತ್ತೀರಲ್ಲ, ಅದೇ ಕ್ರಮ. ನಿದ್ದೆಯಲ್ಲಿ ಇದು ಸ್ವಲ್ಪ ನಿಧಾನವಾಗಬಹುದು. ಆದರೂ ಒಂದೇ ರಾತ್ರಿ ಬಿಟ್ಟರೆ ಹಿಮೋಗ್ಲೋಬಿನ್ನಿನ ಸೀಟುಗಳು ಬಹುಪಾಲು ಖಾಲಿಯಾಗುತ್ತವೆ. ನಿಕೋಟಿನ್ ಪ್ರಭಾವ ಇನ್ನೂ ಬೇಗ ಇಳಿಯುತ್ತದೆ. ಆದ್ದರಿಂದ ಆಪರೇಷನ್ನಿನ ಹಿಂದಿನ ದಿನವಾದರೂ ಬಿಡಿ ಎಂದು ನಾವು ಗೋಗರೆಯುವುದು.

ಪೊರಕೆಯ ಎಳೆಗಳು ಚೇತರಿಸಿಕೊಳ್ಳಲು ದಿನಗಳು ಬೇಕು. ಕಫ ಕಡಿಮೆಯಾಗಲು ವಾರಗಳು ಬೇಕು. ಆಪರೇಷನ್ ನಂತರದ ಶ್ವಾಸಕೋಶದ ತೊಂದರೆಗಳು ಸ್ಪಷ್ಟವಾಗಿ ತಗ್ಗಬೇಕಾದರೆ ನಾಲ್ಕರಿಂದ ಎಂಟು ವಾರ ಮೊದಲೇ ಬಿಟ್ಟಿರಬೇಕು. ಡೆನ್ಮಾರ್ಕಿನಲ್ಲಿ ಸೊಂಟ ಮತ್ತು ಮಂಡಿಯ ಕೀಲು ಬದಲಿಸಿಕೊಳ್ಳಲಿದ್ದ 120 ಜನ ಧೂಮಪಾನಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಅದು 2002ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಆರರಿಂದ ಎಂಟು ವಾರ ಮೊದಲೇ ಸಿಗರೇಟು ಬಿಡಲು ನೆರವು ಕೊಟ್ಟರು. ಉಳಿದವರಲ್ಲಿ ನೂರಕ್ಕೆ 52 ಜನಕ್ಕೆ ಆಪರೇಷನ್ ನಂತರ ಏನಾದರೊಂದು ತೊಂದರೆ ಬಂದರೆ, ನೆರವು ಪಡೆದವರಲ್ಲಿ ಅದು 18 ಮಾತ್ರ.

‘ಆಪರೇಷನ್ ಹತ್ತಿರ ಬಂದಾಗ ಬಿಟ್ಟರೆ ಕಫ ಹೆಚ್ಚಾಗಿ ಇನ್ನೂ ಕೆಡುಕು, ಸೇದುತ್ತಿದ್ದರೇ ವಾಸಿ’ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಒಂದು ಕಾಲಕ್ಕೆ ಕೆಲವು ವೈದ್ಯರೂ ಹೀಗೆ ಹೇಳುತ್ತಿದ್ದರು. ಅನಂತರ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ಭಯಕ್ಕೆ ಆಧಾರ ಸಿಗಲಿಲ್ಲ. ಬೇಗ ಬಿಟ್ಟಷ್ಟೂ ಒಳ್ಳೆಯದು. ತಡವಾಗಿ ಬಿಟ್ಟರೂ ಕೆಟ್ಟದ್ದಲ್ಲ.

ಬೀಡಿಗೆ ಈ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಅದು ಆರದಂತೆ ಜೋರಾಗಿ ಎಳೆಯಬೇಕಾಗುತ್ತದೆ, ಹೊಗೆ ಆಳಕ್ಕೆ ಹೋಗುತ್ತದೆ. ಹುಕ್ಕಾದ ಹೊಗೆ ನೀರಿನಲ್ಲಿ ಹಾಯ್ದು ಬಂದರೂ ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ಹುಕ್ಕಾವನ್ನು ನಿಷೇಧಿಸಲಾಯಿತು. ಇ-ಸಿಗರೇಟನ್ನು 2019ರಲ್ಲಿ ದೇಶದಾದ್ಯಂತ ನಿಷೇಧಿಸಲಾಗಿದೆ. ಕದ್ದು ಸೇದುವವರು ಆ ವಿಷಯವನ್ನೂ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು.

ಸೇದದ ಮಕ್ಕಳೂ ಪಾರಾಗರು

ಇಷ್ಟು ಕೇಳಿ, “ನಾನು ಸೇದುವುದೇ ಇಲ್ಲ, ನನಗೆ ಈ ಮಾತು ಬೇಡ” ಎನ್ನುವ ವಿದ್ಯಾರ್ಥಿಗಳೂ ಇರುತ್ತೀರಿ. ನಿಮಗೂ ಒಂದು ಮಾತಿದೆ. ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರಬಹುದು. ಟಾನ್ಸಿಲ್ ಆಪರೇಷನ್ ಆಗಬೇಕಾಗಬಹುದು. ಮನೆಯೊಳಗೆ ಯಾರಾದರೂ ಸೇದುತ್ತಿದ್ದರೆ ಆ ಮಗುವಿನ ಶ್ವಾಸನಾಳವೂ ಕೆರಳಿರುತ್ತದೆ. ಇಂಥ ಮಕ್ಕಳಲ್ಲಿ ಮಾಸ್ಕಿನಿಂದ ಅರಿವಳಿಕೆ ಕೊಡುವಾಗ ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುವುದು, ಉಸಿರು ಕಟ್ಟುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಹಲಸೂರಿನ, ಶಿವಾಜಿನಗರದ ಒತ್ತೊತ್ತಾದ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಅಡಿಗೆ, ಊಟ, ನಿದ್ದೆ ಎಲ್ಲ ಆಗುವ ಮನೆಗಳು ಎಷ್ಟೋ ಇವೆ. ಅಲ್ಲಿ ಒಬ್ಬರು ಸೇದಿದರೆ ಎಲ್ಲರೂ ಸೇದಿದ ಹಾಗೆಯೇ.

ಅಪ್ಪನಿಗೆ ಬುದ್ಧಿ ಹೇಳುವುದು ಮಕ್ಕಳಿಗೆ ಸುಲಭವಲ್ಲ. ಆದರೆ “ಅಪ್ಪಾ, ಪಾಪೂಗೆ ಆಪರೇಷನ್ ಇದೆ, ಅಷ್ಟು ದಿನ ಹೊರಗಡೆ ಸೇದಪ್ಪಾ” ಎಂದು ಕೇಳಿದರೆ ಸಿಟ್ಟಾಗುವ ತಂದೆಯರು ಕಡಿಮೆ. ಹಾಗೆ ಆರಂಭಿಸಿ ಪೂರ್ತಿ ಬಿಟ್ಟವರನ್ನು ನಾನು ಕಂಡಿದ್ದೇನೆ.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಬಿಗಿಯಾಗಿ ಜಾರಿಗೆ ಬಂತು. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಕಾನೂನು ಅಂಗಡಿಯ ಬಾಗಿಲವರೆಗೆ ಬರಬಲ್ಲದು. ಅದರ ಆಚೆಗೆ ನಿಮ್ಮ ವಿವೇಕವೇ ಬರಬೇಕು.

ಮಿತ್ರರೇ, ಇಷ್ಟು ಹೇಳಿ ಎರಡೇ ಎರಡು ಮಾತನ್ನು ನಿಮ್ಮ ಕೈಗಿಡುತ್ತೇನೆ.

ಮೊದಲನೆಯದು, ಸೇದುವವರಿದ್ದರೆ ಬಿಡಿ. ಬಿಡಲಾಗುತ್ತಿಲ್ಲ ಎಂದರೆ ನಾಚಿಕೆ ಬೇಡ. ಅದು ಚಟ, ಅದಕ್ಕೆ ಚಿಕಿತ್ಸೆ ಇದೆ. 1800-11-2356 ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಸಂಖ್ಯೆ, ಕರೆಗೆ ಹಣವಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಚಟ ಬಿಡಿಸಲು ನೆರವು ಕೊಡುತ್ತಾರೆ.

ಎರಡನೆಯದು ಇದಕ್ಕಿಂತಲೂ ಅವಸರದ್ದು. ಎಂದಾದರೂ ಆಪರೇಷನ್ ಮೇಜಿನ ಮೇಲೆ ಮಲಗುವ ಸಂದರ್ಭ ಬಂದರೆ ಅರಿವಳಿಕೆ ವೈದ್ಯರಿಗೆ ನಿಜ ಹೇಳಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯದನ್ನು ಯಾವಾಗ ಸೇದಿದ್ದು, ಮೂರನ್ನೂ ಹೇಳಿ. ಮನೆಯವರ ಎದುರಿಗೆ ಹೇಳಲಾಗದಿದ್ದರೆ, “ಡಾಕ್ಟ್ರೇ, ನಿಮ್ಮ ಹತ್ತಿರ ಒಂದು ನಿಮಿಷ ಒಬ್ಬನೇ ಮಾತಾಡಬೇಕು” ಎನ್ನಿ. ರೋಗಿ ಹೇಳಿದ ಗುಟ್ಟನ್ನು ಕಾಪಾಡುವುದು ವೈದ್ಯನ ಧರ್ಮ. ನೀವು ಸೇದುತ್ತೀರೆಂದು ನಾವು ಆಪರೇಷನ್ ಮಾಡುವುದಿಲ್ಲ ಎನ್ನುವುದಿಲ್ಲ, ಬೈಯುವುದೂ ಇಲ್ಲ. ನಮ್ಮ ಯಂತ್ರಗಳು ಎಷ್ಟೋ ವಿಷಯಗಳನ್ನು ಹೇಳುತ್ತವೆ. ಈ ಒಂದು ವಿಷಯವನ್ನು ನೀವೇ ಹೇಳಬೇಕು.

ಆ ಕೆ.ಆರ್.ಪುರದ ಹುಡುಗ ಆರು ವಾರದ ನಂತರ ಕೈ ತೋರಿಸಲು ಬಂದಿದ್ದ. ಜೊತೆಯಲ್ಲಿ ತಂದೆ ಇದ್ದರು. ಅವರು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಾಗ ಅವನು ನನ್ನ ಬಳಿ ಬಂದು, “ಸಾರ್, ಎರಡಕ್ಕೆ ಇಳಿಸಿದ್ದೀನಿ” ಎಂದ. “ಆ ಎರಡನ್ನೂ ಇಳಿಸಿಬಿಡಪ್ಪ” ಎಂದೆ. ನಕ್ಕು ಹೋದ. ಅವನು ಬಿಟ್ಟನೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಮುಂದೆ ಯಾವ ವೈದ್ಯರ ಎದುರಿಗೂ ಅವನು ‘ಇಲ್ಲ ಸಾರ್’ ಎಂದಿರಲಾರ ಎಂದು ನಂಬಿದ್ದೇನೆ.